ಶುಶ್ರೂಷೆ ಎಂದರೆ ಕೇಳುವ ಇಚ್ಛೆ

ರೋಗಿಯ ಆರೈಕೆಯನ್ನು ನಾವು ಶುಶ್ರೂಷೆ ಎನ್ನುತ್ತೇವೆ. ಈ ಪದ ಸಂಸ್ಕೃತದ ‘ಶ್ರು’ ಧಾತುವಿನಿಂದ ಬಂದುದು. ‘ಶ್ರು’ ಎಂದರೆ ಕೇಳು. ‘ಶುಶ್ರೂಷಾ’ ಎಂದರೆ ಕೇಳಬೇಕೆಂಬ ಇಚ್ಛೆ. ಹಿರಿಯರ ಮಾತನ್ನು ಕೇಳಿ ನಡೆಯುವುದು ಸೇವೆಯೆನಿಸಿತು. ಆ ಅರ್ಥವೇ ರೋಗಿಯ ಸೇವೆಗೂ ಹಬ್ಬಿತು. ಮದ್ದು ಕೊಡುವುದು, ಗಾಯ ಕಟ್ಟುವುದು, ಮಗ್ಗುಲು ಬದಲಿಸುವುದು ಎಲ್ಲವೂ ಶುಶ್ರೂಷೆಯೇ. ಆದರೆ ಅದರ ಮೂಲದಲ್ಲಿರುವುದು ಕೇಳುವ ಕಿವಿ. ಆಧುನಿಕ ಶುಶ್ರೂಷಾಶಾಸ್ತ್ರವೂ ಬೇರೆ ದಾರಿಯಿಂದ ಈ ಅರಿವಿಗೇ ಬಂದು ತಲುಪಿದೆ.

ಹುಸಿ ಭರವಸೆಯ ಅಪಾಯ

ಫ್ಲಾರೆನ್ಸ್ ನೈಟಿಂಗೇಲ್ ಅವರು 1859ರಲ್ಲಿ ‘ನೋಟ್ಸ್ ಆನ್ ನರ್ಸಿಂಗ್’ ಎಂಬ ಕಿರುಹೊತ್ತಗೆಯನ್ನು ಬರೆದರು. ಮನೆಯಲ್ಲಿ ಇತರರ ಆರೋಗ್ಯದ ಹೊಣೆ ಹೊತ್ತ ಮಹಿಳೆಯರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದ ಪುಸ್ತಕವದು. ರೋಗಿಯ ಹಿಂದಿನಿಂದಾಗಲಿ ಬಾಗಿಲಲ್ಲಿ ನಿಂತಾಗಲಿ ಮಾತನಾಡಬಾರದು. ಅವನು ಕತ್ತು ಹೊರಳಿಸದೆ ನಮ್ಮನ್ನು ಕಾಣುವಂತೆ ಕುಳಿತುಕೊಳ್ಳಬೇಕು. ಅವನ ಕೋಣೆಯಲ್ಲಿ ಪಿಸುಗುಟ್ಟಬಾರದು ಎಂದು ಅವರು ತಿಳಿಸುತ್ತಾರೆ. ಹುಸಿ ಭರವಸೆಯ ಮಾತುಗಳಿಂದಾಗುವ ಹಾನಿಗೆಂದೇ ಒಂದು ಅಧ್ಯಾಯವನ್ನು ಮೀಸಲಿಟ್ಟಿದ್ದಾರೆ.

“ನಿಮಗೇನೂ ಆಗಿಲ್ಲ, ನಾಳೆಯೇ ಎದ್ದು ಓಡಾಡುತ್ತೀರಿ” ಎಂಬ ಮಾತನ್ನು ನಾವು ಪ್ರೀತಿಯಿಂದಲೇ ಆಡುತ್ತೇವೆ. ಆದರೆ ಅದು ರೋಗಿಯ ಬಾಯಿಯನ್ನು ಮುಚ್ಚಿಸುತ್ತದೆ. ಏನೂ ಆಗಿಲ್ಲವೆಂದು ಎಲ್ಲರೂ ಹೇಳುತ್ತಿರುವಾಗ, ನಡುರಾತ್ರಿ ಎದೆಯಲ್ಲಿ ಭಾರವೆನಿಸಿದ ವೃದ್ಧರು ಯಾರನ್ನು ಎಬ್ಬಿಸಿಯಾರು? ಹೇಳದೆ ಉಳಿದ ಆ ಒಂದು ಲಕ್ಷಣವೇ ಪ್ರಾಣಕ್ಕೆ ಎರವಾಗಬಹುದು. “ನಿಮಗೆ ಏನನಿಸುತ್ತಿದೆ, ಹೇಳಿ” ಎಂಬ ಪ್ರಶ್ನೆ ಆ ಬಾಯನ್ನು ತೆರೆಸಬಲ್ಲದು.

ಅಪರಿಚಿತರಿಂದ ಆಪ್ತರವರೆಗೆ

ದಾದಿ ಮತ್ತು ರೋಗಿಯ ಸಂಬಂಧವನ್ನು ಶಾಸ್ತ್ರೀಯವಾಗಿ ವಿವೇಚಿಸಿದವರು ಅಮೆರಿಕದ ಹಿಲ್ಡೆಗಾರ್ಡ್ ಪೆಪ್ಲಾವ್ (1909–1999). ಮನೋರೋಗಿಗಳ ಶುಶ್ರೂಷೆಯಲ್ಲಿ ಪಳಗಿದ್ದ ಅವರ ಗ್ರಂಥ ‘ಇಂಟರ್‌ಪರ್ಸನಲ್ ರಿಲೇಷನ್ಸ್ ಇನ್ ನರ್ಸಿಂಗ್’ 1952ರಲ್ಲಿ ಹೊರಬಂತು. ಹಸ್ತಪ್ರತಿ ಕೆಲವು ವರ್ಷ ಮೊದಲೇ ಸಿದ್ಧವಿದ್ದರೂ, ವೈದ್ಯರೊಬ್ಬರು ಸಹಲೇಖಕರಾಗಿಲ್ಲವೆಂಬ ಕಾರಣಕ್ಕೆ ಪ್ರಕಟಣೆ ತಡವಾಯಿತು. ದಾದಿಯ ಮಾತಿಗೆ ಆಗ ಅಷ್ಟೇ ಬೆಲೆಯಿತ್ತು.

ಪೆಪ್ಲಾವ್ ಈ ಸಂಬಂಧದಲ್ಲಿ ನಾಲ್ಕು ಹಂತಗಳನ್ನು ಗುರುತಿಸಿದರು. ಸಕ್ಕರೆ ಕಾಯಿಲೆಗೆ ಹೊಸದಾಗಿ ಇನ್ಸುಲಿನ್ ಆರಂಭಿಸಿದ ತಾಯಿಯೊಬ್ಬರನ್ನು ಉದಾಹರಣೆಯಾಗಿ ನೆನೆಯೋಣ. ಮೊದಲ ಹಂತದಲ್ಲಿ ಇಬ್ಬರೂ ಅಪರಿಚಿತರು. ದಾದಿ ಹೆಸರು ಕೇಳಿ, ತಮ್ಮ ಹೆಸರು ಹೇಳಿ, ಆ ತಾಯಿಯ ಅಂಜಿಕೆಯನ್ನು ಅರಿಯುತ್ತಾರೆ. ಎರಡನೆಯದರಲ್ಲಿ ‘ಇವರು ನನ್ನವರು’ ಎಂಬ ನಂಬಿಕೆ ಮೂಡುತ್ತದೆ. ಮೂರನೆಯದರಲ್ಲಿ ಆ ನಂಬಿಕೆಯ ಬಲದಿಂದ ತಾಯಿ ಸೂಜಿ ಹಿಡಿಯಲು ಕಲಿಯುತ್ತಾರೆ, ಸಂಕೋಚವಿಲ್ಲದೆ ಪ್ರಶ್ನಿಸುತ್ತಾರೆ. ನಾಲ್ಕನೆಯದು ಬೀಳ್ಕೊಡುಗೆ: ಇನ್ನು ದಾದಿಯ ನೆರವಿಲ್ಲದೆ ಅವರೇ ಚುಚ್ಚಿಕೊಳ್ಳಬಲ್ಲರು. ರೋಗಿ ತನ್ನ ಕಾಲ ಮೇಲೆ ನಿಲ್ಲುವಂತಾದಾಗ ಈ ಸಂಬಂಧ ಸಾರ್ಥಕವಾಗುತ್ತದೆ.

ಆತಂಕದ ಕುರಿತೂ ಪೆಪ್ಲಾವ್ ಆಳವಾಗಿ ಚಿಂತಿಸಿದರು. ಅಲ್ಪ ಆತಂಕ ಗಮನವನ್ನು ಚುರುಕುಗೊಳಿಸುತ್ತದೆ. ತೀವ್ರವಾದರೆ ಹೇಳಿದ್ದು ಕಿವಿಗೆ ಬಿದ್ದರೂ ಮನಸ್ಸಿಗೆ ಇಳಿಯದು. ಆದ್ದರಿಂದಲೇ ಅನುಭವಿ ದಾದಿಯರು ಮೊದಲು ಸಮಾಧಾನಪಡಿಸಿ, ಬಳಿಕ ತಿಳಿಸಿ, “ಈಗ ನೀವೇ ಒಮ್ಮೆ ಹೇಳಿ ನೋಡೋಣ” ಎಂದು ಕೇಳುತ್ತಾರೆ.

ನೋವಿಗೆ ನಮ್ಮ ನುಡಿ

ನೋವನ್ನು ವರ್ಣಿಸಲು ಕನ್ನಡದಲ್ಲಿ ಪದಗಳಿಗೆ ಬರವಿಲ್ಲ. ಉರಿ, ಸೆಳೆತ, ಹಿಡಿತ, ಚುಚ್ಚಿದಂತೆ, ಹಿಂಡಿದಂತೆ, ಜಗ್ಗಿದಂತೆ: ಒಂದೊಂದೂ ಬೇರೆ ಬೇರೆ ಸುಳಿವು ನೀಡುತ್ತದೆ. ‘ನೋವಿದೆ’ ಎಂದಷ್ಟೇ ಬರೆದುಕೊಂಡರೆ ಆ ಸುಳಿವು ಕಳೆದುಹೋಗುತ್ತದೆ. ಬೇರೆ ರಾಜ್ಯದಿಂದ ಬಂದ ದಾದಿಯರು ನಮ್ಮ ಆಸ್ಪತ್ರೆಗಳಲ್ಲಿ ಸೇವೆ ಸಲ್ಲಿಸುತ್ತಿರುವಾಗ, ಇಂಥ ಹತ್ತು ಮಾತುಗಳನ್ನು ಅವರಿಗೆ ತಿಳಿಸಿಕೊಡುವುದೂ ರೋಗಿಗೆ ಉಪಕಾರವೇ. ಹಾಗೆಯೇ, ಹಾಸಿಗೆಯ ಸಂಖ್ಯೆಯಿಂದ ಕರೆಸಿಕೊಳ್ಳುತ್ತಿದ್ದ ಹಿರಿಯರನ್ನು ಒಮ್ಮೆ ‘ಅಜ್ಜಾರ’ ಎಂದು ಕರೆದರೆ ಅವರು ಮತ್ತೆ ಮನುಷ್ಯರಾಗುತ್ತಾರೆ.

ನಮ್ಮ ಪಾಲಿನ ಕರ್ತವ್ಯ

ಸಂಬಂಧ ಎರಡೂ ಕಡೆಯಿಂದ ಬೆಳೆಯತಕ್ಕದ್ದು. ವೈದ್ಯರು ಬಂದು ನೋಡಿ ಹೋಗುತ್ತಾರೆ. ಹಗಲಿರುಳು ವಾರ್ಡಿನಲ್ಲಿರುವವರು ದಾದಿಯರು. ರೋಗಿಯ ಮಾತು ವೈದ್ಯರಿಗೆ ತಲುಪುವುದು ಬಹುಮಟ್ಟಿಗೆ ಅವರ ಮೂಲಕವೇ. ಅವರ ಮೇಲೆ ಕೂಗಾಡಿದರೆ ಆ ದಾರಿಯೇ ಕಟ್ಟಿಹೋಗುತ್ತದೆ. ತಿಳಿಸಬೇಕಾದುದನ್ನು ನಾಲ್ಕು ಮಾತಿನಲ್ಲಿ ತಿಳಿಸೋಣ: ಈಗ ಏನಾಗುತ್ತಿದೆ, ಯಾವಾಗಿನಿಂದ, ಹಿಂದೆ ಯಾವ ಕಾಯಿಲೆಯಿತ್ತು, ಯಾವ ಔಷಧ ನಡೆದಿದೆ. ನಾಟಿ ಮದ್ದು ಕೊಟ್ಟಿದ್ದರೆ ಅದನ್ನೂ ಮುಚ್ಚಿಡಬಾರದು. ರೋಗಿಯನ್ನು ಕೇಳಿದ ಪ್ರಶ್ನೆಗೆ ರೋಗಿಯೇ ಉತ್ತರಿಸಲಿ. ಬಂಧುಗಳು ನಡುವೆ ಬಾಯಿ ಹಾಕದಿರಲಿ.

ಮನೆಯಲ್ಲಿ ಹಾಸಿಗೆ ಹಿಡಿದ ಹಿರಿಯರಿದ್ದರೆ ದಿನಕ್ಕೊಮ್ಮೆ ಮೊಬೈಲನ್ನು ಬದಿಗಿಟ್ಟು, ಅವರ ಕಣ್ಣಿಗೆ ಕಾಣುವಂತೆ ಕುಳಿತು, ಅವರು ಮಾತು ಮುಗಿಸುವವರೆಗೆ ಕೇಳೋಣ. ಇದಕ್ಕೆ ಹಣ ಬೇಡ, ತರಬೇತಿಯೂ ಬೇಡ. ಹತ್ತು ನಿಮಿಷದ ತಾಳ್ಮೆ ಸಾಕು.