ಡಕ್ಟಿಗೆ ಯಾವ ಹೊದಿಕೆ?

ಪ್ರಶ್ನೆ: ಇಳಕಲ್‌ನಲ್ಲಿ ಮನೆ ಕಟ್ಟಿಸುತ್ತಿದ್ದೇವೆ. ಎ.ಸಿ. ಡಕ್ಟನ್ನು ತಾರಸಿಯ ಮೇಲೆ ಹಾಯಿಸುತ್ತಾರಂತೆ. ಅದಕ್ಕೆ ಗ್ಲಾಸ್‌ವೂಲ್ ಒಳ್ಳೆಯದೋ, ನೈಟ್ರೈಲ್ ರಬ್ಬರೋ?

ಉತ್ತರ: ನೈಟ್ರೈಲ್ ರಬ್ಬರ್. ಒಣಗಿರುವಾಗ ಶಾಖ ತಡೆಯುವುದರಲ್ಲಿ ಎರಡೂ ಹೆಚ್ಚುಕಡಿಮೆ ಸಮ. ಎರಡರ ಬಲವೂ ಒಳಗೆ ಹಿಡಿದಿಟ್ಟ ಗಾಳಿಯೇ. ವ್ಯತ್ಯಾಸ ತಿಳಿಯುವುದು ನೀರು ಸೇರಿದಾಗ. ಬಾಗಲಕೋಟೆಯಂಥ ಒಣ ಸೀಮೆಯಲ್ಲಿ ಎಲ್ಲಿಯ ತೇವ ಎಂದು ನೀವು ಕೇಳಬಹುದು. ಏಪ್ರಿಲ್ ಮಟ್ಟಿಗೆ ಆ ಮಾತು ಸರಿ. ಆದರೆ ಡಕ್ಟಿನೊಳಗಿನ ಗಾಳಿ ಸುಮಾರು 14 ಡಿಗ್ರಿ ಇರುತ್ತದೆ. ಮಳೆಗಾಲದಲ್ಲಿ ಹೊರಗಿನ ಗಾಳಿಯ ಆವಿ ಅದಕ್ಕಿಂತ ಹೆಚ್ಚಿನ ಉಷ್ಣತೆಯಲ್ಲೇ ಹನಿಯಾಗತೊಡಗುತ್ತದೆ. ಗ್ಲಾಸ್‌ವೂಲ್ ಮೇಲಿನ ಫಾಯಿಲ್ ಎಲ್ಲಿಯಾದರೂ ಹರಿದರೆ ಆವಿ ಒಳನುಗ್ಗಿ ತಣ್ಣನೆಯ ತಗಡಿನ ಮೇಲೆ ನೀರಾಗುತ್ತದೆ. ಗಾಳಿಗಿಂತ ನೀರು 20 ಪಟ್ಟಿಗೂ ಹೆಚ್ಚು ಸಲೀಸಾಗಿ ಶಾಖ ದಾಟಿಸುವುದರಿಂದ ಹೊದಿಕೆ ಇದ್ದೂ ಇಲ್ಲದಂತಾಗುತ್ತದೆ. ನೈಟ್ರೈಲ್‌ನ ಗುಳ್ಳೆಗಳು ಮುಚ್ಚಿಕೊಂಡಿರುವುದರಿಂದ ಅದು ನೀರು ಹೀರುವುದು ತೀರಾ ಕಡಿಮೆ. ಬೆಲೆ ಹೆಚ್ಚು, ಬಿಸಿಲಿಗೆ ಬಿರುಕು ಬಿಡುತ್ತದೆ ಎಂಬ ಆಕ್ಷೇಪಗಳೂ ನಿಜ. ಎರಡನೆಯದಕ್ಕೆ ಅಲ್ಯುಮಿನಿಯಂ ತಗಡಿನ ಕವಚ ಹಾಕಿಸಬೇಕು.

ಆದರೆ ಡಕ್ಟು ತಾರಸಿಗೆ ಹೋಗುವುದೇ ತಪ್ಪೆಂದು ನನ್ನ ಖಚಿತ ಅಭಿಪ್ರಾಯ. ಬಾದಾಮಿ, ಹುನಗುಂದ ಕಡೆಯ ಹಳೆಯ ಮನೆಗಳು ಜಂತಿಯ ಮೇಲೆ ದಪ್ಪ ಮಣ್ಣಿನ ಮೇಲ್ಮುದ್ದೆ ಹಾಕಿ ಬಿಸಿಲನ್ನು ಮಾಳಿಗೆಯಲ್ಲೇ ತಡೆದವು. ಮಣ್ಣು ಶಾಖವನ್ನು ಪೂರ್ತಿ ತಡೆಯುವುದಿಲ್ಲ, ಮಧ್ಯಾಹ್ನದ್ದನ್ನು ರಾತ್ರಿಗೆ ತಳ್ಳುತ್ತದೆ ಅಷ್ಟೆ. ಆದರೂ ತಡೆಯಬೇಕಾದ ಜಾಗ ಅದೇ. ಸ್ಲ್ಯಾಬಿನ ಮೇಲೆ ಫೋಮ್ ಹಲಗೆ ಹಾಸಿ, ಡಕ್ಟನ್ನು ಒಳಗೆ ಫಾಲ್ಸ್ ಸೀಲಿಂಗ್ ಮೇಲೆ ಹಾಯಿಸಿ. ಆಗ ತೆಳುವಾದ ನೈಟ್ರೈಲ್ ಸಾಕಾಗಬಹುದು, ತಗಡಿನ ಕವಚದ ಖರ್ಚೂ ಉಳಿಯುತ್ತದೆ.