ರಬ್ಬರ್ ಶೀಟಿನ ಗುಣಮಟ್ಟ ಮತ್ತು ಸೂಕ್ಷ್ಮಜೀವಿಗಳು

ಒಂದೇ ತಳಿ, ಒಂದೇ ಬಗೆಯ ಮಣ್ಣು, ಒಂದೇ ಗೊಬ್ಬರ. ಆದರೂ ಒಬ್ಬರ ಶೀಟು ಮೇಲ್ದರ್ಜೆಗೆ ಸೇರುತ್ತದೆ, ಪಕ್ಕದ ತೋಟದವರದು ಕೆಳದರ್ಜೆಗೆ ಇಳಿಯುತ್ತದೆ. ಸುಳ್ಯ, ಪುತ್ತೂರು, ಬೆಳ್ತಂಗಡಿ ಕಡೆಯ ಬೆಳೆಗಾರರು ಆಗ ಮರವನ್ನೋ ಆಸಿಡ್ಡನ್ನೋ ದೂರುವುದುಂಟು. ಆದರೆ ಎಷ್ಟೋ ಬಾರಿ ತಪ್ಪು ಇರುವುದು ತೊಳೆಯದ ಗೆರಟೆಯಲ್ಲಿ.

ಹಾಲು ಕೆಡುವ ಬಗೆ

ರಬ್ಬರ್ ಹಾಲಿನಲ್ಲಿ ಸಾಮಾನ್ಯವಾಗಿ ಶೇಕಡಾ 30ರಿಂದ 40ರಷ್ಟು ರಬ್ಬರ್ ಇರುತ್ತದೆ. ಉಳಿದುದು ಬಹುಪಾಲು ನೀರು. ಅದರಲ್ಲಿ ಸ್ವಲ್ಪ ಸಕ್ಕರೆ, ಪ್ರೋಟೀನು ಮತ್ತು ಲವಣಗಳಿವೆ. ತೊಗಟೆ, ಚಾಕು, ಗೆರಟೆ, ಬಕೆಟ್ಟುಗಳಿಂದ ಹಾಲಿಗೆ ಸೇರುವ ಬ್ಯಾಕ್ಟೀರಿಯಾಗಳು ಮೊದಲು ತಿನ್ನುವುದು ರಬ್ಬರನ್ನಲ್ಲ, ಈ ಸಕ್ಕರೆ ಮತ್ತು ಪ್ರೋಟೀನುಗಳನ್ನು. ಆಗ ಅಸಿಟಿಕ್ ಮುಂತಾದ ಆಮ್ಲಗಳು ಹುಟ್ಟುತ್ತವೆ. ಹಾಲಿನ ಹುಳಿ ಹೆಚ್ಚಿ, ರಬ್ಬರ್ ಕಣಗಳು ಒಂದಕ್ಕೊಂದು ಅಂಟಿ, ನಾವು ಆಸಿಡ್ ಹಾಕುವ ಮೊದಲೇ ಹಾಲು ಒಡೆಯುತ್ತದೆ. ಹೀಗೆ ಒಡೆದ ಹಾಲು ಸರಿಯಾಗಿ ಸೋಸದು. ಹುದುಗುವಾಗ ಹುಟ್ಟಿದ ಅನಿಲ ಶೀಟಿನೊಳಗೆ ಗುಳ್ಳೆಗಳಾಗಿ ಉಳಿಯುತ್ತದೆ.

ಗೆರಟೆಯಲ್ಲೇ ಗಟ್ಟಿಯಾದ ಮುದ್ದೆಯನ್ನು ದಿನಗಟ್ಟಲೆ ಒದ್ದೆಯಾಗಿ ರಾಶಿ ಹಾಕಿದರೆ ದುರ್ವಾಸನೆ ಬರುತ್ತದೆ. ಬಿಸಿಯಲ್ಲಿಯೂ ತನ್ನ ಗುಣವನ್ನು ಉಳಿಸಿಕೊಳ್ಳುವ ರಬ್ಬರಿನ ಶಕ್ತಿಯೂ ಕುಂದುತ್ತದೆ.

ಬೂಷ್ಟಿನ ಕಾಟ

ಶೀಟು ಆದ ಮೇಲೆ ಸರದಿ ಶಿಲೀಂಧ್ರಗಳದು. ಸರಿಯಾಗಿ ತೊಳೆಯದ ಶೀಟಿನ ಮೇಲೆ ಉಳಿದ ಸಕ್ಕರೆ, ಪ್ರೋಟೀನುಗಳೇ ಅವುಗಳ ಆಹಾರ. ಮಳೆಗಾಲದ ತೇವದಲ್ಲಿ ಅರೆ ಒಣಗಿದ ಶೀಟಿಗೆ ಬೇಗ ಬೂಷ್ಟು ಹಿಡಿಯುತ್ತದೆ. ಹೊಗೆಯು ಶೀಟನ್ನು ಒಣಗಿಸುವುದಲ್ಲದೆ, ತನ್ನಲ್ಲಿರುವ ಫೀನಾಲ್ ಜಾತಿಯ ವಸ್ತುಗಳಿಂದ ಬೂಷ್ಟನ್ನೂ ತಡೆಯುತ್ತದೆ.

ಅನುಸರಿಸಬೇಕಾದ ಕ್ರಮಗಳು

1. ಗೆರಟೆ, ಬಕೆಟ್ಟು, ಜರಡಿ, ಟ್ರೇಗಳನ್ನು ಪ್ರತಿದಿನ ತೊಳೆದು ಒಣಗಿಸಿರಿ. ಗೆರಟೆಯಲ್ಲಿ ಅಂಟಿದ ಹಳೆಯ ರಬ್ಬರನ್ನು ಕಿತ್ತು ತೆಗೆಯಿರಿ. ಅದು ಹೊಸ ಹಾಲಿಗೆ ಹೆಪ್ಪು ಹಾಕಿದಂತೆ.

2. ಬೆಳಗ್ಗೆ ಬೇಗ ಟ್ಯಾಪಿಂಗ್ ಮುಗಿಸಿ, ಹಾಲನ್ನು ತಡಮಾಡದೆ ಶೇಖರಿಸಿರಿ. ಬಿಸಿಲೇರಿದಂತೆ ಬ್ಯಾಕ್ಟೀರಿಯಾಗಳು ವೇಗವಾಗಿ ವೃದ್ಧಿಯಾಗುತ್ತವೆ.

3. ಹಾಲು ಬೇಗ ಒಡೆಯುವ ತೋಟಗಳಲ್ಲಿ 100 ಲೀಟರ್ ಹಾಲಿಗೆ 50 ಗ್ರಾಂ ಸೋಡಿಯಂ ಸಲ್ಫೈಟನ್ನು ನೀರಿನಲ್ಲಿ ಕರಗಿಸಿ ಬಳಸಬಹುದು. ಒಡೆಯಲಾರಂಭಿಸಿದ ಹಾಲಿಗೆ ಇದು ಮದ್ದಲ್ಲ, ಮೊದಲೇ ಸೇರಿಸಬೇಕು.

4. ಹಾಲನ್ನು ಸೋಸಿ, ರಬ್ಬರಿನ ಅಂಶ ಸುಮಾರು ಶೇಕಡಾ 12.5ಕ್ಕೆ ಬರುವಂತೆ ಶುದ್ಧ ನೀರು ಬೆರೆಸಿರಿ. ಬಳಿಕ ಚೆನ್ನಾಗಿ ತೆಳುಮಾಡಿದ ಫಾರ್ಮಿಕ್ ಆಸಿಡನ್ನು ಅಳತೆಯಂತೆ ಹಾಕಿರಿ. ಆಸಿಡ್ ಹೆಚ್ಚಾದರೆ ಹೆಪ್ಪು ಗಡುಸಾಗಿ ಒತ್ತುವುದು ಕಷ್ಟ.

5. ಒತ್ತಿದ ಶೀಟನ್ನು ಹರಿಯುವ ನೀರಿನಲ್ಲಿ ತೊಳೆದು, ನೆರಳಿನಲ್ಲಿ ನೀರು ಬಸಿದುಹೋದ ಮೇಲೆ ಹೊಗೆಗೂಡಿಗೆ ಏರಿಸಿರಿ. ಶಾಖವು 40ರಿಂದ 60 ಡಿಗ್ರಿ ಸೆಲ್ಸಿಯಸ್ ಇರಲಿ. ಇದಕ್ಕಿಂತ ಹೆಚ್ಚಾದರೆ ಶೀಟಿನಲ್ಲಿ ಬೊಕ್ಕೆಗಳೇಳುತ್ತವೆ.

6. ಪೂರ್ತಿ ಒಣಗಿದ ಶೀಟನ್ನು ನೆಲಕ್ಕೆ ತಾಗದಂತೆ ಹಲಗೆಯ ಮೇಲೆ, ಗಾಳಿಯಾಡುವಲ್ಲಿ ಜೋಡಿಸಿಡಿರಿ.

ಇವುಗಳಲ್ಲಿ ಹೆಚ್ಚಿನವಕ್ಕೆ ದೊಡ್ಡ ಖರ್ಚಿಲ್ಲ. ಬೇಕಾಗಿರುವುದು ಪ್ರತಿದಿನದ ಶಿಸ್ತು. ಮರ ಬೆಳೆದು ಹಾಲು ಕೊಡಲು ಸುಮಾರು ಏಳು ವರ್ಷ ಕಾಯುವ ಬೆಳೆಗಾರರು ಅದರ ಬೆಲೆಯನ್ನು ಗೆರಟೆಯ ಕೊಳೆಗೆ ಬಿಟ್ಟುಕೊಡಬಾರದು. ಮುಂದಿನ ಸಲ ಶೀಟಿನ ದರ್ಜೆ ಇಳಿದರೆ ಮೊದಲು ಗೆರಟೆ, ಬಕೆಟ್ಟುಗಳನ್ನು ಪರೀಕ್ಷಿಸಿರಿ.