ಕಚೇರಿ ಗಣಕಗಳಲ್ಲಿ ತಂತ್ರಾಂಶ ದಾಸ್ತಾನು: ಸ್ವರೂಪ ಮತ್ತು ಮಹತ್ವ

ಕಚೇರಿಯ ಮೇಜು, ಕುರ್ಚಿ, ಬೀರುಗಳಿಗೆ ದಾಸ್ತಾನು ವಹಿಯನ್ನಿಡುವುದು ಆಡಳಿತದ ಹಳೆಯ ರೂಢಿ. ಗಣಕಯಂತ್ರಗಳೂ ಕಾಲಕ್ರಮದಲ್ಲಿ ಆ ವಹಿಯನ್ನು ಸೇರಿದವು. ಆದರೆ ಅವುಗಳೊಳಗಿನ ತಂತ್ರಾಂಶ ಕಣ್ಣಿಗೆ ಕಾಣುವ ವಸ್ತುವಲ್ಲ. ಅದರ ಆವೃತ್ತಿ ಆಗಾಗ ಬದಲಾಗುತ್ತಿರುತ್ತದೆ. ವರ್ಷಕ್ಕೊಮ್ಮೆ ನಡೆಯುವ ಎಣಿಕೆಗೆ ಅದು ದಕ್ಕುವುದಿಲ್ಲ. ಯಾವ ಗಣಕದಲ್ಲಿ ಯಾವ ತಂತ್ರಾಂಶ, ಯಾವ ಆವೃತ್ತಿಯಲ್ಲಿದೆ ಎಂಬುದನ್ನು ಸ್ವಯಂಚಾಲಿತವಾಗಿ ಸಂಗ್ರಹಿಸುವ ವ್ಯವಸ್ಥೆಯೇ ತಂತ್ರಾಂಶ ದಾಸ್ತಾನು. ಪರವಾನಗಿಗಳ ಲೆಕ್ಕಕ್ಕೂ ಭದ್ರತೆಗೂ ಇದೇ ಆಧಾರ.

ಕೇಂದ್ರೀಕೃತ ನಿರ್ವಹಣೆಗೆ ಒಳಪಟ್ಟ ಗಣಕಗಳಲ್ಲಿ ಸಾಮಾನ್ಯವಾಗಿ ‘ಏಜೆಂಟ್’ ಎಂಬ ಕಿರುತಂತ್ರಾಂಶವನ್ನು ನೆಲೆಗೊಳಿಸಲಾಗುತ್ತದೆ. ಅದು ನಿಗದಿತ ಅವಧಿಗೊಮ್ಮೆ ಪಟ್ಟಿಯನ್ನು ಸಿದ್ಧಪಡಿಸಿ ಸರ್ವರಿಗೆ ಕಳುಹಿಸುತ್ತದೆ. ಲಿನಕ್ಸ್‌ನಲ್ಲಿ ಡಿಪಿಕೆಜಿ, ಆರ್‌ಪಿಎಂ ಮುಂತಾದ ಪ್ಯಾಕೇಜ್ ವ್ಯವಸ್ಥೆಗಳು ಈ ಮಾಹಿತಿಯನ್ನು ಒದಗಿಸುತ್ತವೆ. ವಿಂಡೋಸ್‌ನಲ್ಲಿ ಇದು ರಿಜಿಸ್ಟ್ರಿಯ ‘ಅನ್‌ಇನ್‌ಸ್ಟಾಲ್’ ವಿಭಾಗದಲ್ಲಿರುತ್ತದೆ. 64 ಬಿಟ್ ವಿಂಡೋಸ್‌ನಲ್ಲಿ 32 ಬಿಟ್ ತಂತ್ರಾಂಶಗಳ ನಮೂದುಗಳು ಪ್ರತ್ಯೇಕವಾಗಿವೆ. ಒಬ್ಬ ಬಳಕೆದಾರನ ಖಾತೆಗಷ್ಟೇ ಸೇರಿದವು ಇನ್ನೊಂದೆಡೆ ಇವೆ. ಈ ಮೂರನ್ನೂ ಓದದಿದ್ದರೆ ಪಟ್ಟಿ ಅಪೂರ್ಣ.

‘ವಿನ್32 ಪ್ರಾಡಕ್ಟ್’ ಎಂಬ ವರ್ಗವನ್ನು ಪ್ರಶ್ನಿಸುವ ಇನ್ನೊಂದು ಮಾರ್ಗವೂ ಉಂಟು. ವಿಂಡೋಸ್ ಇನ್‌ಸ್ಟಾಲರ್ ಮೂಲಕ ಸ್ಥಾಪಿತವಾದವುಗಳನ್ನು ಮಾತ್ರ ಅದು ತೋರಿಸುತ್ತದೆ. ಅಲ್ಲದೆ, ಪ್ರತಿಯೊಂದು ತಂತ್ರಾಂಶವನ್ನೂ ಪರಿಶೀಲನೆಗೊಳಪಡಿಸಿ, ಲೋಪ ಕಂಡಲ್ಲಿ ದುರಸ್ತಿಗೂ ತೊಡಗಬಹುದು. ಎಣಿಸುವ ಕ್ರಿಯೆಯೇ ಎಣಿಸಬೇಕಾದುದನ್ನು ಬದಲಿಸುವುದರಿಂದ, ನಿತ್ಯದ ದಾಸ್ತಾನಿಗೆ ಇದು ಯೋಗ್ಯವಲ್ಲ.

ಸ್ಥಾಪಿತ ತಂತ್ರಾಂಶಗಳ ಪಟ್ಟಿಗೂ ಮಿತಿಯುಂಟು ಎಂಬುದನ್ನು 2021ರ ಡಿಸೆಂಬರಿನಲ್ಲಿ ಪ್ರಕಟವಾದ ‘ಲಾಗ್4ಜೆ’ ದೋಷ ಮನಗಾಣಿಸಿತು. ಈ ಜಾವಾ ಘಟಕ ಇತರ ತಂತ್ರಾಂಶಗಳ ಒಡಲೊಳಗೆ ಅಡಗಿರುತ್ತಿದ್ದುದರಿಂದ ಪಟ್ಟಿಗಳಲ್ಲಿ ಅದರ ಹೆಸರು ಕಾಣುತ್ತಿರಲಿಲ್ಲ, ಕಡತಗಳನ್ನೇ ಶೋಧಿಸಬೇಕಾಯಿತು. ತಂತ್ರಾಂಶದ ಒಳಘಟಕಗಳ ವಿವರಪಟ್ಟಿಯನ್ನು ತಯಾರಕರಿಂದಲೇ ಪಡೆಯಬೇಕೆಂಬ ಬೇಡಿಕೆಗೆ ಇಂತಹ ಅನುಭವಗಳು ಬಲ ನೀಡಿದವು.

ಕನ್ನಡದ ಕಚೇರಿಗಳಿಗೆ ಸಂಬಂಧಿಸಿದಂತೆ ಮತ್ತೊಂದು ಅಂಶ ಗಮನಾರ್ಹ. ಯೂನಿಕೋಡ್‌ಗೆ ಮುಂಚಿನ ನುಡಿ, ಬರಹ ಮುಂತಾದ ತಂತ್ರಾಂಶಗಳ ಕಡತಗಳಲ್ಲಿ ರೋಮನ್ ಅಕ್ಷರಗಳ ಸಂಕೇತಸ್ಥಾನದಲ್ಲಿ ಕನ್ನಡದ ರೂಪಗಳನ್ನು ಇರಿಸಲಾಗಿತ್ತು. ತಕ್ಕ ಫಾಂಟ್ ಇಲ್ಲದ ಗಣಕದಲ್ಲಿ ಅಂತಹ ಕಡತ ಅರ್ಥಹೀನ ರೋಮನ್ ಅಕ್ಷರರಾಶಿಯಾಗಿ ತೋರುತ್ತದೆ. ಫಾಂಟುಗಳು ‘ಅನ್‌ಇನ್‌ಸ್ಟಾಲ್’ ವಿಭಾಗದಲ್ಲಿ ದಾಖಲಾಗುವುದಿಲ್ಲ. ಅವುಗಳನ್ನು ಬೇರೆಯಾಗಿಯೇ ಎಣಿಸಬೇಕು. ವಿಂಡೋಸ್ 10ರ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಕೊನೆಗೊಂಡಿದ್ದು, ಹಳೆಯ ಗಣಕಗಳನ್ನು ಬದಲಿಸುವಾಗ ಈ ಎಣಿಕೆ ಇಲ್ಲದಿದ್ದರೆ ಕಡತಗಳು ಉಳಿದೂ ಓದಲಾಗದ ಸ್ಥಿತಿ ಒದಗುತ್ತದೆ. ಆದುದರಿಂದ ಗಣಕವನ್ನು ವಿಲೇವಾರಿ ಮಾಡುವ ಮುನ್ನ ಅದರಲ್ಲಿನ ಫಾಂಟು ಹಾಗೂ ಪರಿವರ್ತಕಗಳನ್ನು ಪಟ್ಟಿಮಾಡಿ, ಕಡತಗಳನ್ನು ಯೂನಿಕೋಡ್‌ಗೆ ಪರಿವರ್ತಿಸಿ, ಮೂಲದೊಡನೆ ತಾಳೆ ನೋಡುವುದು ಅವಶ್ಯ. ಹೀಗೆ ತಂತ್ರಾಂಶ ದಾಸ್ತಾನು ಯಂತ್ರಗಳ ಲೆಕ್ಕವಾಗಿರುವಂತೆಯೇ ದಾಖಲೆಗಳ ಸಂರಕ್ಷಣೆಯ ಮೊದಲ ಹೆಜ್ಜೆಯೂ ಆಗಿದೆ.